ಸೊಪ್ಪಿನವನ ಕೂಗು, ನನ್ನ ಡಬ್ಬಿ

ನನ್ನ ದನಿ ನಿಮಗೆ ಪರಿಚಯವಿರಬಹುದು. ಯಾವುದೋ ಕಚೇರಿಗೆ ಫೋನ್ ಮಾಡಿ, 'ದಯವಿಟ್ಟು ಲೈನಿನಲ್ಲೇ ಇರಿ' ಎಂಬ ಮಾತನ್ನು ಹತ್ತು ಸಲ ಕೇಳಿ ನೀವು ಹಲ್ಲು ಕಡಿದಿದ್ದರೆ, ಆ ಹೆಂಗಸು ನಾನೇ. ಜೊತೆಗೆ ಶಾಲೆಗಳಿಗೆ ಪಾಠ ಓದಿ ಕಳಿಸುತ್ತೇನೆ. ಸಹಕಾರನಗರದ ನಮ್ಮ ಮನೆಯ ಮುಂದಿನ ಕೋಣೆಯೇ ನನ್ನ ಸ್ಟುಡಿಯೋ. ಗೋಡೆಗೆ ಹಳೆಯ ರಜಾಯಿಗಳು, ಬಾಗಿಲಿಗೆ ಅಮ್ಮನ ಕಾಲದ ಜಮಖಾನ, ಮೂಲೆಯಲ್ಲಿ ಬಾಗಿಲು ತೆರೆದೇ ಇಟ್ಟಿರುವ ಸೀರೆ ಬೀರು. ದನಿ ಎಲ್ಲಿಗೂ ಬಡಿದು ವಾಪಸು ಬರಬಾರದು ಅಂತ ಇಷ್ಟೆಲ್ಲ ವ್ಯವಸ್ಥೆ. ಇಷ್ಟಾದರೂ ಒಂದು ಕೂಗನ್ನು ಮಾತ್ರ ತಡೆಯಲು ಆಗುತ್ತಿರಲಿಲ್ಲ.

'ಸೊಪ್ಪೋ... ಕೊತ್ತಂಬ್ರಿ, ಮೆಂತ್ಯ, ಪಾಲಕ್, ಸಬ್ಸಿಗೆ, ದಂಟೂ...' ದಿನಾ ಬೆಳಿಗ್ಗೆ ಒಂಬತ್ತಕ್ಕೆ ತಳ್ಳುಗಾಡಿ ಬರುತ್ತಿತ್ತು. ಆ ಕೊನೆಯ ದಂಟನ್ನು ಆತ ಎತ್ತಿ ಎಲ್ಲೋ ಮಹಡಿಯ ಮೇಲೆ ಇಡುತ್ತಿದ್ದ. ಬೇರೆ ಸೊಪ್ಪಿನ ಹೆಸರೆಲ್ಲ ಒಂದೇ ಸ್ವರದಲ್ಲಿ, ದಂಟು ಮಾತ್ರ ಮೇಲೆ. ನನ್ನ ಐದನೇ ತರಗತಿಯ ವಿಜ್ಞಾನದ ಪಾಠದಲ್ಲಿ, ಜಲಚಕ್ರದ ನಡುವೆ, ಒಮ್ಮೆ ಸ್ಪಷ್ಟವಾಗಿ ದಂಟು ಬಂತು. ಅವತ್ತು ನೈಟಿಯ ಮೇಲೆ ಟವೆಲ್ ಹೊದ್ದುಕೊಂಡು ಗೇಟಿಗೆ ಓಡಿದ್ದೆ.

"ಏನಪ್ಪಾ, ನಾನು ಇಲ್ಲಿ ಕೆಲ್ಸ ಮಾಡ್ಬೇಕೋ ಬೇಡ್ವೋ? ನಿನ್ ದಂಟು ನನ್ ರೆಕಾರ್ಡಿಂಗ್ ಒಳಗೆಲ್ಲಾ ಬಂದ್ ಕೂತಿದೆ!"

ಆತ ತಲೆಯ ಟವೆಲ್ ಬಿಚ್ಚಿ ಹೆಗಲ ಮೇಲೆ ಹಾಕಿಕೊಂಡ. "ಅಂಗಾ ಅಮ್ಮಾ? ನಂಗೆ ಗೊತ್ತಾಗ್ಲಿಲ್ಲ ಬಿಡಿ" ಎಂದ.

ಮಾರನೆಯ ದಿನದಿಂದ ನಮ್ಮ ಮನೆಗಿಂತ ಮುಂಚೆ ಸಿಗುವ ಹೊಂಗೆ ಮರದ ಹತ್ತಿರ ಕೂಗು ನಿಲ್ಲುತ್ತಿತ್ತು. ಮನೆ ದಾಟಿದ ಮೇಲೆ ಟ್ರಾನ್ಸ್‌ಫಾರ್ಮರಿನ ಹತ್ತಿರ ಮತ್ತೆ ಶುರುವಾಗುತ್ತಿತ್ತು. ನಡುವೆ ಗಾಡಿಯ ಚಕ್ರದ ಕಿರುಗುಟ್ಟುವಿಕೆ ಮಾತ್ರ. ಎದುರುಮನೆಯವರು, ನಿಮ್ಮಿಂದಾಗಿ ನಮಗೆ ಸೊಪ್ಪಿನವನು ಬಂದಿದ್ದೇ ಗೊತ್ತಾಗಲ್ಲ ಎಂದು ನನ್ನ ಮೇಲೆ ಮುನಿಸಿಕೊಂಡರು. ಆರು ವರ್ಷ ಆತ ಒಂದು ದಿನವೂ ತಪ್ಪಲಿಲ್ಲ. ನಾನು ಒಂದು ದಿನವೂ ಆತನಿಗೆ ಥ್ಯಾಂಕ್ಸ್ ಹೇಳಲಿಲ್ಲ.

ಕಳೆದ ವರ್ಷ ಒಂದು ಬುಧವಾರ ಆತ ಗಾಡಿಯಿಲ್ಲದೆ ಬಂದ. ಜೊತೆಗೆ ಹೆಂಡತಿ. ಕೊರಳಿಗೆ ಮಫ್ಲರ್ ಸುತ್ತಿಕೊಂಡಿದ್ದ. ಮಾತೆಲ್ಲ ಆಕೆಯದೇ.

"ಗಂಟ್ಲಲ್ಲಿ ಗಡ್ಡೆ ಆಗೈತೆ ಅಮ್ಮಾ. ಶುಕ್ರವಾರ ಹೆಬ್ಬಾಳದ್ ಆಸ್ಪತ್ರೆಗೆ ಸೇರ್ಸ್ಕೋತಾರೆ, ಶನಿವಾರ ಆಪ್ರೇಸನ್ನು. ದನಿ ಪೆಟ್ಗೇನೇ ತೆಗೀಬೇಕಂತೆ. ಆಮೇಕೆ ಇವ್ರ್ ದನಿ ಬರಾಕಿಲ್ಲ." ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ಮುಂದುವರಿಸಿದಳು, "ನೀವು ದನಿ ಇಡಿಯೋ ಕೆಲ್ಸ ಮಾಡ್ತೀರಲ್ಲ. ಇವ್ರ್ ಕೂಗು ಒಂದ್ಸಲ ಇಡಿದ್ಕೊಡಿ. ಗಾಡಿ ನಾನ್ ತಳ್ತೀನಿ, ಕೂಗಾಕೆ ನಂಗೂ ಗಂಟ್ಲೈತೆ. ಅದ್ಕಲ್ಲ. ಮನೇಲಿ ಇವ್ರ್ ದನಿ ಒಂದು ಇರ್ಲಿ ಅಂತ."

ಬನ್ನಿ ಬನ್ನಿ ಎಂದು ಒಳಗೆ ಕರೆದು, ಮೈಕಿನ ಮುಂದಿನ ಕುರ್ಚಿಯಲ್ಲಿ ಆತನನ್ನು ಕೂರಿಸಿದೆ.

ಅಲ್ಲೇ ಎಡವಟ್ಟಾಯಿತು. ಹಿಂದಿನ ದಿನ ಕಂಪ್ಯೂಟರು ತನ್ನಷ್ಟಕ್ಕೆ ತಾನೇ ಅಪ್‌ಡೇಟ್ ಮಾಡಿಕೊಂಡಿತ್ತು. ಮೈಕಿಗೂ ಕಂಪ್ಯೂಟರಿಗೂ ನಡುವೆ ನನ್ನದೊಂದು ಟಿಫಿನ್ ಡಬ್ಬಿಯಷ್ಟು ದೊಡ್ಡ ಯಂತ್ರವಿದೆ, ಆಡಿಯೋ ಇಂಟರ್‌ಫೇಸ್ ಅಂತ. ಮೈಕಿಗೆ ಬಿದ್ದ ದನಿಯನ್ನು ಅಂಕಿಗಳಾಗಿ ಮಾಡಿ ಕಂಪ್ಯೂಟರಿಗೆ ಕೊಡುವುದು ಅದರ ಕೆಲಸ. ಹೆಡ್‌ಫೋನೂ ಅದಕ್ಕೇ ಚುಚ್ಚಿರುತ್ತದೆ. ನಾನು ಅದನ್ನು ಡಬ್ಬಿ ಎಂದೇ ಕರೆಯುವುದು. ಡಬ್ಬಿಯ ದೀಪ ಉರಿಯುತ್ತಿತ್ತು, ಆದರೆ ಕಂಪ್ಯೂಟರು ಅದನ್ನು ಕಂಡೇ ಇಲ್ಲ ಎನ್ನುವಂತೆ ಕೂತಿತ್ತು. ವೈರು ಕಿತ್ತು ಹಾಕಿದೆ, ಬೇರೆ ವೈರು ಹಾಕಿದೆ, ಬೇರೆ ತೂತಿಗೆ ಚುಚ್ಚಿದೆ, ಆಫ್ ಮಾಡಿ ಆನ್ ಮಾಡಿದೆ. ಕೊನೆಗೆ ಡಬ್ಬಿಯ ಕಂಪನಿಯವರ ಸೈಟಿನಿಂದ ಎರಡನ್ನೂ ಮಾತಾಡಿಸುವ ಹೊಸ ಡ್ರೈವರ್ ತಂತ್ರಾಂಶ ಇಳಿಸಿಕೊಂಡೆ. ಆಗ ಡಬ್ಬಿಯ ಹೆಸರೇನೋ ಕಾಣಿಸಿತು, ದನಿ ಮಾತ್ರ ಬರಲಿಲ್ಲ. "ಎಲ್ಲಿ, ಒಂದ್ಸಲ ಕೂಗಪ್ಪಾ" ಎಂದೆ. ಆತ ಕೂಗಿದ. ಪರದೆಯ ಮೇಲಿನ ಗೆರೆ ಅಲ್ಲಾಡಲಿಲ್ಲ. "ಇನ್ನೊಂದ್ಸಲ" ಎಂದೆ. ಮತ್ತೆ ಕೂಗಿದ. ಅಪ್‌ಡೇಟು ಮೈಕಿನ ಅನುಮತಿಯನ್ನು ಕಿತ್ತುಕೊಂಡಿದೆ ಎಂದು ಹೊಳೆಯುವ ಹೊತ್ತಿಗೆ ನಾಲ್ಕು ಸಲ ಕೂಗಿಸಿಬಿಟ್ಟಿದ್ದೆ.

"ಜಾಸ್ತಿ ಕೂಗ್ಬಾರ್ದು ಅಂದವ್ರೆ ಡಾಕ್ಟ್ರು" ಎಂದಳು ಆಕೆ, ಮೆಲ್ಲಗೆ.

ನನ್ನ ಫೋನಿನಲ್ಲೇ ಹಿಡಿದು ಕೊಡಬಹುದಿತ್ತು. ಅವರ ಹತ್ತಿರ ಇದ್ದದ್ದು ಬಟನ್ ಫೋನು, ನನ್ನದು ಒಳ್ಳೆಯ ಫೋನು. ಆದರೆ ಮನೆಯಲ್ಲಿ ಸ್ಟುಡಿಯೋ ಇಟ್ಟುಕೊಂಡವಳು ಫೋನ್ ಹಿಡಿಯುವುದೇ ಎಂಬ ಜಂಬ ನನ್ನದು. ಅನುಮತಿ ಕೊಟ್ಟೆ. ಗೆರೆ ಅಲ್ಲಾಡಿತು. ಆತ ನೀರು ಕುಡಿದು, ಎದ್ದು ನಿಂತು, ಗಾಡಿಯ ಹಿಡಿ ಹಿಡಿದವನಂತೆ ಎರಡೂ ಕೈ ಮುಂದೆ ಮಾಡಿಕೊಂಡು ಐದನೆಯ ಸಲ ಕೂಗಿದ. ಒಡೆದ ದನಿ. ಆದರೂ ದಂಟಿನ ಹತ್ತಿರ ಬಂದಾಗ ಹಿಮ್ಮಡಿ ಎತ್ತಿ ಅದನ್ನು ಮೇಲಕ್ಕೇ ಒಯ್ದ. ಆಮೇಲೆ ಕೆಮ್ಮಿದ ಕೆಮ್ಮು ನಿಲ್ಲಲು ಬಹಳ ಹೊತ್ತು ಹಿಡಿಯಿತು.

ಹೆಡ್‌ಫೋನಿನಲ್ಲಿ ಕೇಳಿದೆ. ಚೆನ್ನಾಗಿತ್ತು. ಅವರು ಮನೆಯಲ್ಲಿ ಕೇಳಲೆಂದು ಯಶವಂತಪುರದಿಂದ ತಂದಿದ್ದ ಸ್ಪೀಕರಿಗೆ ಚುಚ್ಚುವ ಪೆನ್‌ಡ್ರೈವಿಗೆ ಹಾಕಿಕೊಟ್ಟೆ. ಆತ ಕೈಮುಗಿದ. ಒಂದು ಪುಣ್ಯದ ಕೆಲಸ ಮಾಡಿದೆನೆಂದು ಆ ಮಧ್ಯಾಹ್ನ ನಾನು ಹೊಟ್ಟೆ ತುಂಬ ಊಟ ಮಾಡಿದೆ.

ಗುರುವಾರ ಬೆಳಿಗ್ಗೆ ಆಕೆ ಒಬ್ಬಳೇ ಬಂದಳು. ಕೈಯಲ್ಲಿ ಸ್ಪೀಕರು.

"ಅಮ್ಮಾ, ಇದು ಇವ್ರ್ ದನಿ ಅಲ್ಲ."

ಗೇಟಿನಲ್ಲೇ ಗುಂಡಿ ಒತ್ತಿದಳು. ದಪ್ಪ ದನಿಯೊಂದು ನಿಧಾನವಾಗಿ ಸೊಪ್ಪಿನ ಹೆಸರುಗಳನ್ನು ಎಳೆಯಿತು. ದಂಟು ಮೇಲೆ ಹೋಗುವ ಬದಲು ನರಳಿತು. ನನಗೆ ಸಿಟ್ಟು ಬಂತು. ನನ್ನ ಕೆಲಸಕ್ಕೆ ಯಾರಾದರೂ ಹೆಸರಿಟ್ಟರೆ ನನಗೆ ಮೊದಲು ಬರುವುದು ಸಿಟ್ಟೇ.

"ನೋಡಮ್ಮಾ, ಅವ್ರ ಗಂಟ್ಲು ಕೆಟ್ಟಿದೆ. ದನಿ ಮೊದ್ಲಿನ ಹಾಗೆ ಹೆಂಗಿರತ್ತೆ? ಜೊತೆಗೆ ಈ ಸ್ಪೀಕರ್ ಬೇರೆ. ನಾನು ನಿನ್ನೆ ಕಿವೀಲಿ ಕೇಳಿದೀನಿ, ಸರಿಯಾಗಿದೆ."

"ಗಂಟ್ಲು ಕೆಟ್ಟಿರೋದು ನಂಗ್ ಗೊತ್ತಲ್ವಾ? ಕೆಟ್ಟಿರೋ ದನೀನೇ ದಿನಾ ಕೇಳ್ತಿದೀನಿ. ಇದು ಅದೂ ಅಲ್ಲ." ಗುಂಡಿ ಒತ್ತಿ ಸ್ಪೀಕರ್ ನಿಲ್ಲಿಸಿ ಕೇಳಿದಳು, "ಇವತ್ತೊಂದಿನ ಟೈಮೈತೆ. ಇನ್ನೊಂದ್ಸಲ ಇಡೀತೀರಾ?"

"ಮತ್ತೆ ಕೂಗ್ಸಿ ಆ ಮನುಷ್ಯನ್ನ ಯಾಕಮ್ಮಾ ಸಾಯಿಸ್ತೀಯಾ? ಮನಸ್ಸಿಗೆ ಕಷ್ಟ ಆದಾಗ ಹಂಗೇ ಅನ್ಸತ್ತೆ. ನಾಲ್ಕು ದಿನ ಕೇಳು, ರೂಢಿ ಆಗತ್ತೆ."

ಈ ಮಾತನ್ನು ನಾನು ಬಹಳ ಮೃದುವಾಗಿ, ಫೋನಿನಲ್ಲಿ ಲೈನಿನಲ್ಲೇ ಇರಿ ಎನ್ನುವ ನನ್ನ ಆ ದನಿಯಲ್ಲೇ ಹೇಳಿದೆ. ಆಕೆ ಸ್ಪೀಕರನ್ನು ಸೆರಗಿನಲ್ಲಿ ಸುತ್ತಿಕೊಂಡು ಹೋದಳು.

ಅದೇ ದಿನ ನಾನು ಎರಡು ಪಾಠ ಓದಿ ಶಾಲೆಗೆ ಕಳಿಸಿದೆ. ಸೋಮವಾರ ಬೆಳಿಗ್ಗೆ ಅಲ್ಲಿನ ಟೀಚರಮ್ಮ ಫೋನ್ ಮಾಡಿದರು. ನಗು ತಡೆದುಕೊಂಡೇ ಮಾತಾಡುತ್ತಿದ್ದರು. "ಮೇಡಂ, ನೆಗಡಿ ಆಗಿದ್ಯಾ? ಮಕ್ಳು, ಮಿಸ್ಸಿನ ಅಣ್ಣ ಓದ್ತಿದಾರಾ ಅಂತ ಕೇಳ್ತಿದಾರೆ."

ನನಗೆ ನೆಗಡಿ ಇರಲಿಲ್ಲ. ಅಣ್ಣನೂ ಇಲ್ಲ. ಪಾಠವನ್ನು ಫೋನಿಗೆ ಹಾಕಿಕೊಂಡು ಕೇಳಿದೆ. ಯಾರೋ ದಪ್ಪ ದನಿಯ ವ್ಯಕ್ತಿ ನಿದ್ದೆಗಣ್ಣಿನಲ್ಲಿ ಓದುತ್ತಿರುವಂತಿತ್ತು. ಅದೇ ಪಾಠ ಡಬ್ಬಿಯ ಹೆಡ್‌ಫೋನಿನಲ್ಲಿ ಕೇಳಿದರೆ ನನ್ನದೇ ದನಿ. ಫೋನಿನಲ್ಲಿ ಮತ್ತೆ ಆ ಅಣ್ಣ. ನನ್ನ ಗಂಟಲಿಗೆ ಯಾವ ರೋಗವೂ ಇರಲಿಲ್ಲವಲ್ಲ.

ಶನಿವಾರ ಕಳೆದುಹೋಗಿತ್ತು. ಈಗ ಆತನನ್ನು ಕರೆತಂದು ಕೂಗಿಸುವಂತಿರಲಿಲ್ಲ.

ಸೆಟ್ಟಿಂಗುಗಳನ್ನು ಒಂದೊಂದಾಗಿ ತೆರೆದೆ. ಡಬ್ಬಿ ಒಂದು ಸೆಕೆಂಡಿಗೆ ನಲವತ್ತೆಂಟು ಸಾವಿರ ಸಲ ದನಿಯನ್ನು ಅಳೆದು ಕಳಿಸುತ್ತಿತ್ತು. ಅಪ್‌ಡೇಟ್ ಆದ ಕಂಪ್ಯೂಟರು ಅದನ್ನು ನಲವತ್ನಾಲ್ಕು ಸಾವಿರದ ನೂರು ಎಂದು ಫೈಲಿನ ಮೇಲೆ ಬರೆದುಕೊಳ್ಳುತ್ತಿತ್ತು. ಬೇರೆ ಕಡೆ ಹಾಕಿದರೆ, ಆ ಬರಹವನ್ನು ನಂಬಿ, ಫೈಲು ನಿಧಾನವಾಗಿ ದಪ್ಪಗೆ ಓಡುತ್ತಿತ್ತು. ಡಬ್ಬಿಯಲ್ಲೇ ಕೇಳಿದರೆ ತಪ್ಪಿಗೆ ತಪ್ಪು ವಜಾ ಆಗಿ ಎಲ್ಲ ಸರಿ ಕೇಳುತ್ತಿತ್ತು. ಇಬ್ಬರು ಬೇರೆ ಬೇರೆ ಟೇಪು ಹಿಡಿದು ಒಂದೇ ಬಟ್ಟೆ ಅಳೆದ ಹಾಗೆ. ಬಟ್ಟೆ ಮಾತ್ರ ಒಂದಿಂಚೂ ಹರಿದಿರಲಿಲ್ಲ. ಆತನ ಕೂಗಿನ ಫೈಲಿನ ಮೇಲಿನ ಅಂಕಿ ತಿದ್ದಿ, ಫೋನಿಗೆ ಹಾಕಿ, ಕಣ್ಣು ಮುಚ್ಚಿ ಗುಂಡಿ ಒತ್ತಿದೆ.

ಸೊಪ್ಪೋ... ಒಡೆದ ದನಿಯೇ, ಆದರೆ ಆತನದೇ. ದಂಟು ಹಿಮ್ಮಡಿ ಎತ್ತಿ ಮೇಲೆ ಹೋಯಿತು. ನಾನು ಸೀರೆ ಬೀರುವಿನ ಪಕ್ಕ ಕೂತು ಅತ್ತೆ.

ಸಂಜೆ ಭೇಟಿಯ ಹೊತ್ತಿಗೆ ಹೆಬ್ಬಾಳದ ಕಡೆಯ ಆಸ್ಪತ್ರೆಗೆ ಹೋದೆ. ಆತ ಕೊರಳಿನಲ್ಲಿ ಕೊಳವೆ ಇಟ್ಟುಕೊಂಡು ನಿದ್ದೆ ಹೋಗಿದ್ದ. ಆಕೆ ವಾರ್ಡಿನ ಹೊರಗೆ ಬೆಂಚಿನ ಮೇಲೆ ಕೂತಿದ್ದಳು. ನಾನು ಫೋನನ್ನು ಆಕೆಯ ಕಿವಿಗೆ ಹಿಡಿದೆ. ಆಕೆ ಕೇಳಿದಳು. ಕೈ ತೋರಿಸಿ, ಇನ್ನೊಮ್ಮೆ ಹಾಕಿಸಿಕೊಂಡು ಕೇಳಿದಳು.

"ಇವ್ರೇ" ಎಂದಳು.

"ತಪ್ಪು ನಂದಮ್ಮಾ. ನನ್ ಮಿಷಿನ್ದು. ಅವತ್ತು ನೀನ್ ಹೇಳಿದ್ದೇ ಸರಿ, ನಾನ್ ಕೇಳ್ಲಿಲ್ಲ."

ತಿದ್ದಿದ ಕೂಗು ತುಂಬಿಕೊಂಡು ತಂದಿದ್ದ ಪೆನ್‌ಡ್ರೈವನ್ನು ಕೊಟ್ಟಾಗ ಆಕೆ ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. "ನೀವು ಓದಿರೋರು ಅಷ್ಟು ಗಟ್ಟಿಯಾಗಿ ಹೇಳಿದ್ರಿ. ಮೂರು ದಿನ ಅದ್ನೇ ಹಾಕ್ಕೊಂಡು ಕೇಳ್ದೆ ಅಮ್ಮಾ, ರೂಢಿ ಮಾಡ್ಕೊಳ್ಳೋಣ ಅಂತ. ಆಗ್ಲಿಲ್ಲ. ಇವ್ರಿನ್ನೂ ಇಲ್ಲೇ ಮಲ್ಗವ್ರೆ, ನಂಗಾಗ್ಲೇ ಇವ್ರ್ ದನಿ ಮರ್ತೋಯ್ತಾ ಅಂತ ಭಯ ಆಗೋಗಿತ್ತು."

ಜೀವನದಲ್ಲಿ ನನ್ನನ್ನು ಬೈದವರು ಬೇಕಾದಷ್ಟಿದ್ದಾರೆ. ಯಾವ ಬೈಗುಳವೂ ಹೀಗೆ ತಾಗಿರಲಿಲ್ಲ. ಬೈಯುವುದು ಆಕೆಯ ಉದ್ದೇಶವೇ ಆಗಿರಲಿಲ್ಲ.

ಎರಡು ತಿಂಗಳ ಮೇಲೆ ಒಂದು ಬೆಳಿಗ್ಗೆ ದೂರದಿಂದ ಆ ಕೂಗು ಕೇಳಿಸಿತು. ಓದುತ್ತಿದ್ದ ಪಾಠ ಅರ್ಧಕ್ಕೆ ಬಿಟ್ಟು ಗೇಟಿಗೆ ಬಂದೆ. ಹೊಂಗೆ ಮರದ ಹತ್ತಿರ ಕೂಗು ನಿಂತುಹೋಯಿತು. ಗಾಡಿ ಕಿರುಗುಟ್ಟುತ್ತಾ ಬಂತು. ಆಕೆ ತಳ್ಳುತ್ತಿದ್ದಳು. ಪಕ್ಕದಲ್ಲಿ ಆತ, ಕೊರಳಿಗೆ ಬಿಳಿ ಬಟ್ಟೆ ಕಟ್ಟಿಕೊಂಡು, ಆಫ್ ಮಾಡಿದ ಸ್ಪೀಕರಿನ ಗುಂಡಿಯ ಮೇಲೆ ಬೆರಳು ಇಟ್ಟುಕೊಂಡೇ ನಡೆದು ಬರುತ್ತಿದ್ದ. ಟ್ರಾನ್ಸ್‌ಫಾರ್ಮರ್ ಬಂದಾಗ ಒತ್ತಲೆಂದು.

"ಹಾಕಪ್ಪಾ" ಎಂದೆ.

ಆತ ನನ್ನ ಕೋಣೆಯ ಕಿಟಕಿಯ ಕಡೆ ಕೈ ತೋರಿಸಿ, ಕೆಲಸ ನಡೆಯುತ್ತಿದೆಯಲ್ಲ ಎಂಬಂತೆ ಹುಬ್ಬು ಏರಿಸಿದ.

"ನಡೀಲಿ ಬಿಡು. ನೀನು ಹಾಕು."

ಆತ ಹೆಂಡತಿಯ ಮುಖ ನೋಡಿದ. ಆಕೆ ತಲೆಯಾಡಿಸಿದಳು. ಗುಂಡಿ ಒತ್ತಿದ. ಆರು ವರ್ಷದ ಮೇಲೆ ಮೊದಲ ಸಲ ಆ ಕೂಗು ನಮ್ಮ ಮನೆಯ ಮುಂದೆ ನಿಂತು ಸೊಪ್ಪಿನ ಹೆಸರು ಹೇಳಿತು. ಆತನ ತುಟಿಗಳು ಅದರ ಜೊತೆಜೊತೆಗೇ ಅಲ್ಲಾಡುತ್ತಿದ್ದವು. ದಂಟು ಬಂದಾಗ ಹಿಮ್ಮಡಿ ಮೇಲೆದ್ದಿತು. ಎದುರುಮನೆಯವರು ಬುಟ್ಟಿ ಹಿಡಿದು ಹೊರಗೆ ಬಂದರು. ನಾನು ಎರಡು ಕಟ್ಟು ದಂಟು ತೆಗೆದುಕೊಂಡು, ಆರು ವರ್ಷದ ಥ್ಯಾಂಕ್ಸನ್ನು ಅಲ್ಲೇ ಬೀದಿಯಲ್ಲೇ ಹೇಳಿದೆ.

ಒಳಗೆ ಮೈಕು ಆನ್ ಆಗಿಯೇ ಇತ್ತು. ಆ ಪಾಠವನ್ನು ಮತ್ತೆ ಓದಿ ಕಳಿಸಿದೆ. ಆ ಕೂಗು ಬೆರೆತು ಹಾಳಾದದ್ದನ್ನು ಮಾತ್ರ ಅಳಿಸಿಲ್ಲ.