ಐದು ಜೇಬಿನ ಅಂಗಿ

ನಮ್ಮ ಬೀದಿಯ ದರ್ಜಿಗೆ ಉನ್ಮಾದ ಏರಿತೆಂದರೆ ಮೊದಲು ಗೊತ್ತಾಗುವುದು ಜೇಬಿನಿಂದ. ನಿದ್ದೆ ಬಿಟ್ಟು, ಬಾಯಿ ಮುಚ್ಚದೆ ಮಾತಾಡುತ್ತ, ಗಿರಾಕಿಗಳ ಬಟ್ಟೆಗೆಲ್ಲ ಸಿಕ್ಕಸಿಕ್ಕಲ್ಲಿ ಜೇಬು ಹಚ್ಚುತ್ತಾನೆ. ಅವರು ಬೈದು ಎಸೆದುಹೋದ ಅಂಗಿಗಳನ್ನು ಹೊತ್ತೊಯ್ದು ತೊಡುವವನು ಅವನ ಅಣ್ಣ. ಪುಕ್ಕಟೆ ಸಿಕ್ಕಿದ್ದನ್ನು ಬಿಡುವ ಜಾತಿಯಲ್ಲ ಅದು.

ಈ ಅಣ್ಣನಿಗೆ ನಾನಿಟ್ಟ ಹೆಸರು ಮರ್ಯಾದೆರಾಯ. ತಮ್ಮನಿಗೆ ಕಾಯಿಲೆ ಮರುಕಳಿಸಿದಾಗಲೆಲ್ಲ ಈ ಮಹಾನುಭಾವ ಹೊಸ ಆಸ್ಪತ್ರೆ ಹುಡುಕುತ್ತಾನೆ. ಬಾಯಿಬಿಟ್ಟಾಳೆಂದು ತಮ್ಮನ ಹೆಂಡತಿಯನ್ನು ಮನೆಯಲ್ಲೇ ಬಿಟ್ಟು ಹೋಗಿ, ಡಾಕ್ಟರ ಮುಂದೆ ಎದೆಯುಬ್ಬಿಸುತ್ತಾನೆ: "ನಮ್ ಮನೇಲಿ ಇಂಥದ್ದೆಲ್ಲ ಇಲ್ಲ. ಇದೇ ಮೊದಲ್ನೇ ಸಲ."

ಈ ಬಾರಿ ಸಿಕ್ಕ ಡಾಕ್ಟರಮ್ಮನ ಮುಂದೆಯೂ ಅದೇ ರಾಗ. ದರ್ಜಿ ಕುರ್ಚಿಯಿಂದೆದ್ದು ಕೂಗಿದ: "ಸುಳ್ಳು! ಅಣ್ಣನ ಕೋಟಿನೊಳಗಿರೋ ಅಂಗಿ ಹೊಲ್ದಾಗ್ಲೂ ಬಂದಿತ್ತು!"

"ನೋಡಿದ್ರಾ, ಹೀಗೇ ಬಡಬಡಿಸ್ತಾನೆ," ಅಣ್ಣ ಹಲ್ಲುಕಿರಿದ. ಇಬ್ಬರಲ್ಲಿ ನಿಜ ಹೇಳಿದವನೇ ಹುಚ್ಚನೆನಿಸಿಕೊಂಡ.

ಡಾಕ್ಟರಮ್ಮ ಲಿಥಿಯಂ ಮಾತ್ರೆ ಬರೆದರು. ವಾರಗಳು ಕಳೆದರೂ ಉನ್ಮಾದ ಇಳಿಯಲಿಲ್ಲ. ಜೇಬಿಗೆಂದು ಮಗಳ ಶಾಲೆಯ ಬಟ್ಟೆಗೂ ಕತ್ತರಿ ಬಿತ್ತು. ನಿದ್ದೆಯಿಲ್ಲದೆ ಮನುಷ್ಯ ಎಲುಬಿನ ಗೂಡಾದ. ಇನ್ನು ಹೀಗೇ ಬಿಟ್ಟರೆ ಅವನು ಉಳಿಯುವುದಿಲ್ಲವೆಂದು ಹೆದರಿದ ಹೆಂಡತಿ, ಹಟಮಾಡಿ ಅಣ್ಣತಮ್ಮಂದಿರ ಜೊತೆ ಆಸ್ಪತ್ರೆಗೆ ಹೊರಟಳು. ಅಲ್ಲಿ ನಡೆದದ್ದನ್ನು ಅವಳೇ ನನಗೆ ಹೇಳಿದಳು.

"ರಕ್ತದಲ್ಲಿ ಔಷಧ ಸರಿಯಾಗೇ ಇದೆ, ಆದ್ರೂ ಹಿಡೀತಿಲ್ಲ. ಹಿಂದೆ ಯಾವತ್ತೂ ಬಂದಿರ್ಲಿಲ್ವಾ?" ಎಂದರಂತೆ ಡಾಕ್ಟರಮ್ಮ.

"ಇಲ್ವೇ ಇಲ್ಲ!" ಎಂದ ಮರ್ಯಾದೆರಾಯ.

"ಭಾವ, ಆ ಕೋಟು ಬಿಚ್ಚಿ," ಎಂದಳು ಹೆಂಡತಿ.

"ಏನಮ್ಮಾ ಇದು, ನಾಲ್ಕು ಜನರೆದುರಿಗೆ..."

ಅವಳೇ ಕೋಟು ಎಳೆದಳು. ಎದೆಗೆ ಮೂರು ಜೇಬು, ತೋಳಿಗೊಂದು, ಬೆನ್ನಿಗೊಂದು.

"ಇದು ಹೋದ್ವರ್ಷ ಕಾಯಿಲೆ ಬಂದಾಗ ನಮ್ಮನೆಯವ್ರು ಹೊಲ್ದದ್ದು ಮೇಡಂ. ಒಂದೊಂದ್ ಸಲಕ್ಕೂ ಒಂದೊಂದು ಅಂಗಿ. ಇವರ ಬೀರು ತುಂಬಿದೆ."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ಕಾಯಿಲೆ ತುಂಬಾ ಸಲ ಬಂದುಹೋದವ್ರಲ್ಲಿ ಈ ಔಷಧ ಎಷ್ಟೋ ಸಲ ಅಷ್ಟಾಗಿ ಕೆಲಸ ಮಾಡಲ್ಲ ಕಣ್ರೀ. ಮೊದ್ಲೇ ಹೇಳಿದ್ರೆ ಬೇರೆ ಕೊಡ್ತಿದ್ದೆ."

ಬೇರೆ ಔಷಧ ಕೊಟ್ಟರು. ನಿದ್ದೆ ಬಂತು, ಮಾತು ಇಳಿಯಿತು. ದರ್ಜಿ ಮತ್ತೆ ಮಿಷನ್ನಿಗೆ ಕೂತ.

ಮರ್ಯಾದೆರಾಯ ಸುಮ್ಮನಿರಬೇಕಲ್ಲ! ಅಂಗಡಿಗೆ ಬಂದು ಗಿರಾಕಿಗಳೆದುರು ಬಡಾಯಿ ಕೊಚ್ಚಿದ: "ಎಲ್ಲಾ ನನ್ ಓಡಾಟ. ಮೊದಲ್ನೇ ಸಲ ನೋಡಿ, ಬೇಗ ವಾಸಿಯಾಯ್ತು." ಆಮೇಲೆ ತಮ್ಮನ ಕಡೆ ತಿರುಗಿ, "ನಂಗೊಂದು ಹೊಸ ಅಂಗಿ ಹೊಲ್ಕೊಡೋ," ಎಂದ.

ದರ್ಜಿ ಟೇಪು ಹಿಡಿದು ಎದ್ದ. ಮೆಲ್ಲಗೆ, ಎಲ್ಲರಿಗೂ ಕೇಳುವಂತೆ ಕೇಳಿದ:

"ಜೇಬು ಎಷ್ಟಿಡ್ಲಿ ಅಣ್ಣಾ?"