ಬೈಯೋರು ಬಂದ ದಿನ

ನಮ್ಮಮ್ಮನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಅದು ನನ್ನ ಪುಣ್ಯ. ನಾಲ್ಕಕ್ಷರ ಬಂದಿದ್ದರೆ ಅವಳು ಆ ದಿನ ಬಾಯಿಗೆ ಬೀಗ ಹಾಕಿಕೊಂಡು ಹೊಲಿಗೆ ಮಿಷನ್ ಮುಂದೆ ಕೂತಿರುತ್ತಿದ್ದಳು, ನಾನು ಎಲ್ಲಿ ಹೇಗೆ ಬೆಳೆಯುತ್ತಿದ್ದೆನೋ ದೇವರೇ ಬಲ್ಲ.

ಅಮ್ಮ ಅಂಗಿ ಹೊಲಿಯುವ ಕಾರ್ಖಾನೆಯಲ್ಲಿ ಕಾಲರ್ ಕೂರಿಸುತ್ತಿದ್ದಳು. ಕಾರ್ಖಾನೆ ಇಲ್ಲಿಯದು, ಅಂಗಿ ಮಾತ್ರ ಕಡಲಾಚೆಯ ದೊಡ್ಡ ಕಂಪನಿಯದು. ಆ ಕಂಪನಿಗೂ ನಮ್ಮ ಮನೆಗೂ ಮೊದಲೇ ಪರಿಚಯವಿತ್ತು, ಒಳ್ಳೆಯ ಪರಿಚಯವೇನಲ್ಲ. ಅಪ್ಪ ದರ್ಜಿ. ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಒಂದು ಮಿಷನ್, ಒಂದು ಇಸ್ತ್ರಿ ಮೇಜು, ಒಂದು ಉದ್ದ ಕನ್ನಡಿ, ಇಷ್ಟೇ ಅವರ ಅಂಗಡಿ. ಎದುರಿಗೇ ಕಂಪನಿಯ ಗಾಜಿನ ಮಳಿಗೆ ತೆರೆಯಿತು. ಬಟ್ಟೆ ಕೊಂಡು ತಂದು, ಅಳತೆ ಕೊಟ್ಟು, ವಾರಗಟ್ಟಲೆ ಕಾಯುವ ತಾಳ್ಮೆ ಆಮೇಲೆ ಯಾರಿಗೂ ಉಳಿಯಲಿಲ್ಲ. ಅಪ್ಪ ದಿನಾ ಬಾಗಿಲು ತೆಗೆದು, ಕನ್ನಡಿ ಒರೆಸಿ, ಅದರಲ್ಲಿ ತಮ್ಮ ಮುಖವನ್ನೇ ನೋಡಿಕೊಂಡು ಸಂಜೆ ಮನೆಗೆ ಬರುತ್ತಿದ್ದರು. ಕಾರ್ಖಾನೆಗೆ ಸೇರುತ್ತೇನೆ ಎಂದು ಅಮ್ಮ ಹೇಳಿದಾಗ ಉರಿದುಬಿದ್ದರಂತೆ.

“ನಮ್ ಕತ್ತು ಕೊಯ್ದೋರಿಗೆ ಕಾಲರ್ ಹೊಲಿತೀಯಾ?”

“ಕತ್ತು ಹೋಯ್ತು, ಸರಿ. ಹೊಟ್ಟೆ ಇನ್ನೂ ಇದೆಯಲ್ರೀ,” ಎಂದು ಅಮ್ಮ ಊಟದ ಡಬ್ಬಿ ಕಟ್ಟಿಕೊಂಡು ಹೊರಟಳು.

ನಾನು ಹುಟ್ಟಿದ ಮೇಲೆ ನನ್ನನ್ನು ನೋಡಿಕೊಂಡವರು ಅಜ್ಜಿ, ಅಪ್ಪನ ತಾಯಿ. ನನಗೆ ಹಲ್ಲು ಬರುತ್ತಿದ್ದ ಕಾಲಕ್ಕೆ ಅವರು ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡರು. ಅವರನ್ನು ಸೋದರತ್ತೆ ತನ್ನ ಮನೆಗೆ ಕರೆದುಕೊಂಡು ಹೋದಳು. ಅಪ್ಪ ನನ್ನನ್ನು ಅಂಗಡಿಗೆ ಒಯ್ದರು. ಸೂಜಿ, ಕತ್ತರಿ, ಕಾದ ಇಸ್ತ್ರಿಯ ನಡುವೆ ಅಂಬೆಗಾಲಿಡುವ ಕೂಸು! ಮೊದಲ ದಿನವೇ ನಾನೊಂದು ಗುಂಡಿ ನುಂಗಿದೆ. ಮಾರನೆಯ ದಿನ ಅದು ತಾನಾಗಿಯೇ ಹೊರಬಂತು. ಅಪ್ಪ ಅದನ್ನು ತೊಳೆದು ಯಾರದೋ ಅಂಗಿಗೆ ಹಚ್ಚಿದರು ಎಂದು ಅಮ್ಮ ಇಂದಿಗೂ ಹೇಳುತ್ತಾಳೆ. ಅಪ್ಪ ಇಂದಿಗೂ ಒಪ್ಪುವುದಿಲ್ಲ.

ಆಮೇಲೆ ಪಕ್ಕದ ಮನೆಯಾಕೆ ಒಲ್ಲದ ಮನಸ್ಸಿನಿಂದ ನನ್ನನ್ನು ಇಟ್ಟುಕೊಂಡಳು. ಅಮ್ಮ ಹೊರಡುವಾಗ ನಾನು ಹೊಸ್ತಿಲ ಮೇಲೆ ಕೂತು ಊರು ಒಂದು ಮಾಡುವ ಹಾಗೆ ಅಳುತ್ತಿದ್ದೆನಂತೆ. ಆ ಅಳು ಬೆನ್ನು ಹತ್ತಿ ಕಾರ್ಖಾನೆಯವರೆಗೂ ಹೋಗುತ್ತಿತ್ತು. ನಾನು ಹೆಚ್ಚು ಅತ್ತ ದಿನ ಅಮ್ಮನ ಹೊಲಿಗೆ ಸೊಟ್ಟಗಾಗುತ್ತಿತ್ತು. ಅವಳ ಸಾಲಿನ ಸೂಪರ್‌ವೈಸರಿಗೆ ಹೆಂಗಸರು ಇಟ್ಟ ಹೆಸರು ಸಾಸಿವೆ, ಸ್ವಲ್ಪ ಬಿಸಿ ತಾಗಿದರೂ ಸಿಡಿಯುತ್ತಿದ್ದ ಅಂತ.

“ಇದು ಹೊಲಿಗೆನೋ, ಹಾವು ಹರಿದ ಜಾಡೋ?”

“ಕೂಸು ಅಳ್ತಿತ್ತು ಸಾರ್.”

“ಕೂಸು ಮನೇಲಿ ಅತ್ರೆ ಅಂಗಿ ಇಲ್ಲಿ ಯಾಕಮ್ಮ ಅಳ್ಬೇಕು?”

ಕೊನೆಗೆ ಪಕ್ಕದ ಮನೆಯಾಕೆಯೂ ಕೈ ಎತ್ತಿಬಿಟ್ಟಳು. ಬೇರೆಯವರು ಸಿಗುವವರೆಗೆ ಅಂತ ಕಾಡಿ ಬೇಡಿ ನಾಲ್ಕು ದಿನ ತಳ್ಳಿದ್ದಾಯಿತು. ಇನ್ನು ಅಮ್ಮ ಕೆಲಸ ಬಿಡಬೇಕು, ಬಿಟ್ಟರೆ ಮನೆಯಲ್ಲಿ ಒಲೆ ಹತ್ತುವುದಿಲ್ಲ. ಕಾರ್ಖಾನೆಯಲ್ಲಿ ಕೂಸುಗಳ ಕೋಣೆ ಏನೋ ಇತ್ತು. ಬಾಗಿಲ ಮೇಲೆ ಹಾಗೆಂದು ದಪ್ಪಕ್ಷರದಲ್ಲಿ ಬರೆದಿತ್ತು. ಒಳಗೆ ರಟ್ಟಿನ ಪೆಟ್ಟಿಗೆಗಳು ಸೂರಿನ ತನಕ ಪೇರಿಸಿದ್ದವು.

ಅಂಥ ದಿನಗಳಲ್ಲೊಮ್ಮೆ ಸಾಸಿವೆ ಬಂದು ಹೇಳಿದ: “ನಾಳೆ ಬೈಯರ್ ಬರ್ತಾರೆ. ಕೂಸು ಇರೋರು ಕರ್ಕೊಂಡು ಬನ್ನಿ, ಕೋಣೇಲಿ ಬಿಡೋಣ. ಯಾರೂ ತುಟಿ ಪಿಟಕ್ಕೆನ್ನಬಾರದು.”

ಬೈಯರ್ ಎಂದರೆ ಸರಕು ಕೊಳ್ಳುವವರು, ಕಡಲಾಚೆಯ ಕಂಪನಿಯ ಕಡೆಯವರು. ಇದು ಅಮ್ಮನಿಗೆ ಗೊತ್ತಿರಲಿಲ್ಲ. ಅವಳ ಕಿವಿಗೆ ಬಿದ್ದದ್ದು ಬೈಯೋರು. ಅವಳಿಗದು ವಿಚಿತ್ರವೆಂದೂ ಅನ್ನಿಸಲಿಲ್ಲ. ತಮಗೆ ಸಾಸಿವೆ ಬೈಯುತ್ತಾನೆ, ಸಾಸಿವೆಗೆ ಮ್ಯಾನೇಜರ್ ಬೈಯುತ್ತಾನೆ. ಮ್ಯಾನೇಜರಿಗೆ ಬೈಯಲು ಒಬ್ಬರು ಬೇಕಲ್ಲ, ಅದಕ್ಕೆಂದೇ ಕಂಪನಿ ಸಂಬಳ ಕೊಟ್ಟು ಇಟ್ಟಿದೆ! ಎಂಥ ಒಳ್ಳೆ ಏರ್ಪಾಡು ಎಂದು ಮೆಚ್ಚಿಕೊಂಡು ಮನೆಗೆ ಬಂದು ಅಪ್ಪನಿಗೂ ಹೇಳಿದಳು. ಅಪ್ಪನಿಗೂ ಇಂಗ್ಲಿಷ್ ಅಷ್ಟಕ್ಕಷ್ಟೇ. ಆದರೆ ಶಾಲೆಯ ವ್ಯಾಕರಣ ಚೆನ್ನಾಗಿ ನೆನಪಿತ್ತು.

“ಬೈಯರು ಅಂದ್ರೆ ಬೈಯೋದಿಲ್ಲ ಅಂತ ಅರ್ಥ ಕಣೇ. ಮಾಡರು, ನೋಡರು, ಬೈಯರು.”

“ನಿಮ್ ವ್ಯಾಕರಣ ನಿಮ್ ಅಂಗಡೀಲಿ ಇಟ್ಕೊಳ್ಳಿ. ಅಲ್ಲೂ ಅದನ್ನ ಕೇಳೋರಿಲ್ಲ,” ಎಂದಳು ಅಮ್ಮ.

ಮಾರನೆಯ ದಿನ ಕೋಣೆಯಲ್ಲಿ ಪೆಟ್ಟಿಗೆಗಳಿರಲಿಲ್ಲ. ಗೋಡೆಗೆ ಹಸಿ ಬಣ್ಣ, ನೆಲಕ್ಕೆ ಹೊಸ ಚಾಪೆ, ಪ್ಲಾಸ್ಟಿಕ್ ಹೊದಿಕೆಯನ್ನೂ ಬಿಚ್ಚದ ಆಟಿಕೆಗಳು. ಕಸ ಗುಡಿಸುವ ಮುದುಕಿಗೆ ಬಿಳಿ ಕೋಟು ತೊಡಿಸಿ ಆಯಾ ಮಾಡಿದ್ದರು. ಅಮ್ಮ ನನ್ನನ್ನು ಅಲ್ಲಿ ಬಿಟ್ಟು ಮಿಷನ್ ಮುಂದೆ ಕೂತಳು. ನಾನು ಅಳಲಿಲ್ಲ. ಆ ಬೆಳಗ್ಗೆ ಅವಳ ಹೊಲಿಗೆ ಗೆರೆ ಎಳೆದಂತೆ ಹೋಯಿತಂತೆ. ಹೀಗೆ ದಿನಾ ಇದ್ದುಬಿಟ್ಟರೆ ಎಂಬ ಆಸೆ ಅವಳಿಗೆ ಹುಟ್ಟಿದ್ದು ಆಗಲೇ.

ಬೈಯರ್ ಬಂದಳು. ಕತ್ತರಿಸಿದ ನರೆಗೂದಲಿನ, ಸ್ವಲ್ಪ ಕುಂಟುವ ದೊಡ್ಡ ಹೆಂಗಸು. ಪಕ್ಕದಲ್ಲಿ ಅವಳ ಮಾತನ್ನು ಇಲ್ಲಿಯ ಮಾತಿಗೆ ತಿರುಗಿಸುವ ಹುಡುಗಿ, ಹಿಂದೆ ಮ್ಯಾನೇಜರ್, ಅವನ ಹಿಂದೆ ಸಾಸಿವೆ. ಅವರು ಕೂಸುಗಳ ಕೋಣೆ ನೋಡಿ ನಗುನಗುತ್ತಾ ಹೊರಬಂದಾಗ ಅಮ್ಮ ಎದ್ದು ನಿಂತಳು. ಆ ಸಾಲಿನಲ್ಲಿ ಗಂಟೆ ಹೊಡೆಯದೆ ಯಾರೂ ಏಳುತ್ತಿರಲಿಲ್ಲ.

“ಬೈಯೋರು ಇವರೇನಾ?” ಎಂದು ಆ ಹುಡುಗಿಯನ್ನು ಕೇಳಿದಳು.

“ಹೌದು, ಇವರೇ ಬೈಯರ್.”

“ಹಾಗಾದ್ರೆ ನಮ್ಮ ಮ್ಯಾನೇಜರಿಗೆ ಸ್ವಲ್ಪ ಬೈದು ಹೋಗೋಕೆ ಹೇಳಮ್ಮ. ಈ ಕೋಣೆ ಇವತ್ತೊಂದು ದಿನಕ್ಕೆ. ನಾಳೆ ಇಲ್ಲಿ ರಟ್ಟಿನ ಪೆಟ್ಟಿಗೆ ಬಂದು ಕೂರುತ್ತೆ. ನನ್ ಕೂಸು ಎಲ್ಲಿ ಕೂರ್ಬೇಕು?”

ಮಿಷನ್‌ಗಳು ಒಂದೊಂದಾಗಿ ನಿಂತವು. “ಅವಳಿಗೆ ತಲೆ ನೆಟ್ಟಗಿಲ್ಲ, ಅದನ್ನೆಲ್ಲಾ ಹೇಳ್ಬೇಡಮ್ಮ,” ಎಂದು ಮ್ಯಾನೇಜರ್ ಹುಡುಗಿಯ ಕಡೆ ನೋಡಿ ನಕ್ಕ. ಆ ಹುಡುಗಿಯೂ ನಕ್ಕು ಸುಮ್ಮನಾಗಬಹುದಿತ್ತು. ಅವಳ ಅನ್ನವೂ ಅಂಥವರ ಕೈಯಲ್ಲೇ ಇತ್ತು. ಆದರೆ ಅವಳು ಒಂದಕ್ಷರ ಬಿಡದೆ ಹೇಳಿದಳು, ಬೈಯೋರು ಎಂಬ ಮಾತನ್ನೂ ಬಿಡಿಸಿ ಹೇಳಿದಳು. ಅವಳ ಹೆಸರು ಅಮ್ಮನಿಗೆ ಗೊತ್ತಾಗಲೇ ಇಲ್ಲ. ನಾನು ಈಗಲೂ ಅವಳು ಎಲ್ಲೇ ಇರಲಿ, ಹೊಟ್ಟೆ ತಣ್ಣಗಿರಲಿ ಅಂದುಕೊಳ್ಳುತ್ತೇನೆ.

ಆ ಹೆಂಗಸು ಬೈಯಲಿಲ್ಲ. ಮತ್ತೆ ಕೋಣೆಯೊಳಗೆ ಹೋಗಿ, ಹೊದಿಕೆ ಬಿಚ್ಚದ ಆಟಿಕೆಯೊಂದನ್ನು ಎತ್ತಿ ನೋಡಿ, ಕೆಳಗಿಟ್ಟು, ಸುಮ್ಮನೆ ಹೊರಟುಹೋದಳು. ಸಂಜೆ ಸಾಸಿವೆ ಅಮ್ಮನಿಗೆ ನಾಳೆಯಿಂದ ಬರಬೇಡ ಎಂದ.

ಅಮ್ಮ ಮನೆಗೆ ಬಂದು ಅಡಿಗೆಮನೆಯ ನೆಲದ ಮೇಲೆ ಕೂತು ಅತ್ತಳು. ನಾನು ಹೇಳಿರಲಿಲ್ಲವೇ ಎಂದು ಅಪ್ಪ ಅನ್ನಬಹುದಿತ್ತು, ಅನ್ನಲಿಲ್ಲ. ಬೆಳಗ್ಗೆ ತಾವೇ ಊಟದ ಡಬ್ಬಿ ಕಟ್ಟಿದರು.

“ಹೋಗು. ಗೇಟಲ್ಲಿ ನಿಂತ್ಕೋ. ಕೂಸನ್ನೂ ಕರ್ಕೊಂಡು ಹೋಗು. ಒಳಗೆ ಬಿಡದಿದ್ರೆ ಇಬ್ರೂ ಸೇರಿ ಅಳಿ, ಅವಳಿಗೆ ಅಭ್ಯಾಸ ಇದೆ.”

ಗೇಟಿನವನು ಬಿಡಲಿಲ್ಲ. ಅಮ್ಮ ನನ್ನನ್ನು ಸೊಂಟದ ಮೇಲೆ ಇಟ್ಟುಕೊಂಡು ನಿಂತೇ ಇದ್ದಳು. ಆಗ ಹೇಳದೆ ಕೇಳದೆ ಒಂದು ಕಾರು ಬಂತು. ನರೆಗೂದಲಿನ ಹೆಂಗಸು ಇಳಿದು, ಅಮ್ಮನನ್ನು ನೋಡಿ, ನನ್ನನ್ನೂ ನೋಡಿ, ಅಮ್ಮನ ತೋಳು ಹಿಡಿದು ಒಳಗೆ ನಡೆದಳು. ಕೂಸುಗಳ ಕೋಣೆಯ ಬಾಗಿಲು ತೆರೆದರೆ ಪೆಟ್ಟಿಗೆಗಳು ಆಗಲೇ ಬಂದು ಕೂತಿದ್ದವು. ಆಗ ಬೈದಳು ನೋಡಿ! ಇಡೀ ಕಾರ್ಖಾನೆಗೆ ಕೇಳಿಸಿತಂತೆ. ಅದನ್ನು ತಿರುಗಿಸಿ ಹೇಳಲು ಯಾರೂ ಬೇಕಾಗಲಿಲ್ಲ. “ನಿಮ್ಮಪ್ಪನ ವ್ಯಾಕರಣ ತಪ್ಪಿತ್ತು,” ಎಂದು ಅಮ್ಮ ಈ ಕತೆಯನ್ನು ಯಾವಾಗಲೂ ಇಲ್ಲಿಗೇ ಮುಗಿಸುತ್ತಾಳೆ.

ಅಮ್ಮನಿಗೆ ಕೆಲಸ ಮರಳಿ ಸಿಕ್ಕಿತು. ನಾನು ನಡೆಯಲು ಕಲಿತದ್ದು ಆ ಕೋಣೆಯಲ್ಲಿ. ಬಿಳಿ ಕೋಟಿನ ಮುದುಕಿ ನಿಜವಾಗಿಯೂ ನಮ್ಮ ಆಯಾ ಆದಳು. ಕೋಟನ್ನು ಮಾತ್ರ ಸೆಕೆ ಎಂದು ಬಿಚ್ಚಿ ಬಿಸಾಡಿದಳು. ಅಮ್ಮ ತನ್ನ ಹೆಸರಿನಲ್ಲಿ ಸಂಬಳ ಎಣಿಸಿದಳು, ನನ್ನನ್ನು ಓದಿಸಿದಳು, ಅಜ್ಜಿಯ ಸೊಂಟಕ್ಕೆ ಔಷಧಿ ತಂದಳು. ನಾನು ಈಗ ಶಾಲೆಯಲ್ಲಿ ಮೇಡಂ. ಜಾಗತೀಕರಣ ವರವೋ ಶಾಪವೋ ಅಂತ ಮಕ್ಕಳಿಂದ ಚರ್ಚೆ ಮಾಡಿಸುತ್ತಾರೆ, ನನ್ನನ್ನು ತೀರ್ಪುಗಾರ್ತಿಯಾಗಿ ಕೂರಿಸುತ್ತಾರೆ. ವರ ಎಂದವರ ಮುಂದೆ ಅಪ್ಪನ ಕನ್ನಡಿ ಇಡಬೇಕು ಅನ್ನಿಸುತ್ತದೆ, ಶಾಪ ಎಂದವರ ಮುಂದೆ ನಾನೇ ಎದ್ದು ನಿಲ್ಲಬೇಕು ಅನ್ನಿಸುತ್ತದೆ. ಪುಸ್ತಕ ನೋಡಿಕೊಂಡು ಬಂದ ಇಬ್ಬರಿಗೂ ಸಮ ಅಂಕ ಕೊಟ್ಟು ಬರುತ್ತೇನೆ.

ಕಂಪನಿ ಸಂತನೇನೂ ಆಗಿರಲಿಲ್ಲ. ನರೆಗೂದಲಿನ ಹೆಂಗಸು ಆಮೇಲೆ ಬರುವುದು ನಿಂತಿತು. ಅವಳ ಜಾಗಕ್ಕೆ ಬಂದವರು ಕೋಣೆ ನೋಡಲಿಲ್ಲ, ಗಡಿಯಾರ ನೋಡಿದರು. ಅಂಗಿಯ ಬೆಲೆ ಏರಬಾರದು, ದಿನಕ್ಕೆ ಹೊಲಿಯುವ ಅಂಗಿಗಳ ಲೆಕ್ಕ ಮಾತ್ರ ಏರಬೇಕು. ಬಚ್ಚಲಿಗೆ ಏಳಬೇಕಾದೀತು ಎಂದು ಅಮ್ಮ ನೀರು ಕುಡಿಯುವುದನ್ನೇ ಬಿಟ್ಟಳು. ನಾನು ಹೈಸ್ಕೂಲಿನಲ್ಲಿದ್ದಾಗ ಒಂದು ಬೆಳಗ್ಗೆ ಗೇಟಿಗೆ ಬೀಗ ಬಿದ್ದಿತ್ತು. ಇನ್ನೂ ಅಗ್ಗಕ್ಕೆ ಹೊಲಿಯುವ ಕೈಗಳು ಬೇರೆ ದೇಶದಲ್ಲಿ ಸಿಕ್ಕಿವೆಯಂತೆ.

“ಹೋಗೋರು ಒಂದು ಮಾತು ಹೇಳಿ ಹೋಗ್ಬಾರ್ದಿತ್ತಾ? ಕೊನೇಗೆ ಬೈದಾದ್ರೂ ಹೋಗ್ಬಾರ್ದಿತ್ತಾ?” ಎಂದು ಅಮ್ಮ ಅಂದಳು. ಅವಳನ್ನು ಅಷ್ಟು ಕೋಪದಲ್ಲಿ ನಾನು ನೋಡಿರಲಿಲ್ಲ.

“ಅದಕ್ಕೇ ಹೇಳಿದ್ದು, ಬೈಯರು ಅಂತ,” ಎಂದರು ಅಪ್ಪ, ಮೆಲ್ಲಗೆ. ಆ ದಿನ ಯಾರೂ ನಗಲಿಲ್ಲ.

ಅಪ್ಪನ ಅಂಗಡಿ ಮತ್ತೆ ಚಿಗುರಿದ್ದು ಆಮೇಲೆ, ಅದೂ ಆ ಗಾಜಿನ ಮಳಿಗೆಯ ದಯೆಯಿಂದಲೇ. ಕಂಪನಿಯ ಅಂಗಿಗಳು ಯಾವುದೋ ದೇಶದ ಉದ್ದ ಕೈಯವರ ಅಳತೆಗೆ ಬರುತ್ತವೆ. ಕೊಂಡವರು ನೇರ ರಸ್ತೆ ದಾಟಿ ನಮ್ಮಲ್ಲಿಗೆ ಬಂದು ತೋಳು ಮೊಟಕು ಮಾಡಿಸುತ್ತಾರೆ. ಈಗ ಆ ಉದ್ದ ಕನ್ನಡಿಯ ಮುಂದೆ ನಿಲ್ಲಲು ಸರದಿ ಕಾಯಬೇಕು. ಅಮ್ಮ ಒಂದು ಮಿಷನ್, ಅಪ್ಪ ಒಂದು ಮಿಷನ್.

ಮೊನ್ನೆ ರಜೆಯಲ್ಲಿ ನಾನು ಅಲ್ಲಿ ಕೂತಿದ್ದೆ. ಬ್ಯಾಂಕಿನ ಗುಮಾಸ್ತನೊಬ್ಬ ಹೊಸ ಅಂಗಿ ತಂದ, ಅದೇ ಕಂಪನಿಯದು. ತೋಳು ಬಿಚ್ಚುವಾಗ ಕಾಲರಿನ ಬುಡದಲ್ಲಿ ಹೊಲಿಗೆ ಓಲಾಡಿದ್ದು ಅಪ್ಪನ ಕಣ್ಣಿಗೆ ಬಿತ್ತು.

“ಹೆಸರು ದೊಡ್ದು, ಕೆಲಸ ನೋಡು, ಕುಡಿದು ಹೊಲಿದ ಹಾಗಿದೆ.”

“ಕೊಡಿ ಇಲ್ಲಿ,” ಎಂದು ಅಮ್ಮ ಅಂಗಿ ಕಿತ್ತುಕೊಂಡಳು. ಕನ್ನಡಕ ಏರಿಸಿ, ಕಾಲರಿನ ಈ ತುದಿಯಿಂದ ಆ ತುದಿಗೆ ಹೆಬ್ಬೆರಳು ಆಡಿಸಿದಳು. ಒಳಗಿನ ಪಟ್ಟಿಯಲ್ಲಿ ದೇಶದ ಹೆಸರಿತ್ತು. ನಾನು ಓದಿ ಹೇಳಿದೆ, ಅವಳ ನಾಲಿಗೆ ಅದಕ್ಕೆ ಹೊರಳಲಿಲ್ಲ.

“ಕೆಲಸ ಬಲ್ಲ ಹೆಂಗಸು ಕಣ್ರೀ, ಬೇರೆ ಕಡೆಯೆಲ್ಲಾ ಗೆರೆ ಎಳೆದ ಹಾಗಿದೆ. ಇಲ್ಲಿಗೆ ಬಂದಾಗ ಕೂಸಿನ ನೆನಪಾಗಿದೆ, ಅಷ್ಟೇ.”

ಅಮ್ಮ ಆ ಸೊಟ್ಟ ಹೊಲಿಗೆಯನ್ನು ಮಾತ್ರ ನಾಜೂಕಾಗಿ ಬಿಚ್ಚಿ, ಉಳಿದದ್ದನ್ನು ಮುಟ್ಟದೆ, ಮತ್ತೆ ನೆಟ್ಟಗೆ ಹೊಲಿದಳು. ದಾರ ಕಚ್ಚಿ ಕತ್ತರಿಸುವಾಗ, “ಅಲ್ಲಿಗೂ ಒಬ್ಳು ಬೈಯೋಳು ಬರ್ಲಪ್ಪಾ ದೇವ್ರೇ,” ಎಂದಳು.

ಗುಮಾಸ್ತ ಸಂಜೆ ಬಂದಾಗ ತೋಳಿಗಷ್ಟೇ ದುಡ್ಡು ತೆಗೆದುಕೊಂಡಳು. ಕಾಲರಿಗೆ ಎಷ್ಟು ಎಂದು ಅವನು ಕೇಳಿದ. ಅದು ಹೊಲಿಯುವ ಹೆಂಗಸರಲ್ಲೇ ಸರಿಹೋಯಿತು ಎಂದು ಹೇಳಿ ಅಂಗಿಯನ್ನು ಮಡಿಸಿ ಕೊಟ್ಟಳು.