ದೋಣಿಯ ಮೊದಲ ಗಿರಾಕಿ

ಕಲ್ಲೋಳಿಯಲ್ಲಿ ನಮ್ಮ ಮನೆ ಮುಂದಿನ ರಸ್ತೆಗೆ ಡಾಂಬರು ಹಾಕುತ್ತಿದ್ದಾರೆ. ಕಿಟಕಿ ಮುಚ್ಚಿದರೂ ಆ ವಾಸನೆ ಒಳಗೆ ನುಗ್ಗುತ್ತದೆ, ಅದರ ಹಿಂದೆಯೇ ನನ್ನ ತವರಿನ ದೋಣಿ ಕಾಕಾನ ನೆನಪು. ಮಳೆಗಾಲಕ್ಕೆ ಮೊದಲು ಅವನು ದೋಣಿಯ ತಳಕ್ಕೆ ಡಾಂಬರು ಬಳಿಯುತ್ತಿದ್ದ. ಆ ಮನುಷ್ಯ ಮೆತ್ತಗಾಗಿದ್ದನ್ನು ನಾನು ಕಂಡದ್ದು ಆ ಕೆಲಸದಲ್ಲಿ ಮಾತ್ರ.

ದಡ್ಡಿಯ ಕಡೆ, ಘಟಪ್ರಭೆಯ ಹಿನ್ನೀರಿನಲ್ಲಿ ನನ್ನ ತವರು ಕೆಲವೇ ಮನೆಗಳ ನಡುಗಡ್ಡೆ. ಬಸ್ಸು, ಸಂತೆ, ದವಾಖಾನೆ ಎಲ್ಲ ಆಚೆ ದಂಡೆಗೆ. ದಾಟಲು ಅವನದೊಂದೇ ದೋಣಿ. ಬೆಳಗಿನ ಮೊದಲ ಗಿರಾಕಿ ಗಂಡಸೇ ಆಗಬೇಕು, ಹೆಂಗಸು ಮೊದಲು ಕಾಲಿಟ್ಟರೆ ಹೊಳೆಯ ಗಂಗವ್ವ ಮುನಿಯುತ್ತಾಳೆ ಎನ್ನುವುದು ಅವನ ಪದ್ಧತಿ. ನಮ್ಮ ಮನೆತನದಲ್ಲಿ ಕಾಲೇಜು ಕಂಡವಳು ನಾನೇ ಮೊದಲು. ಯಾವನಾದರೂ ಗಂಡಸು ಬರಲಿ ಎಂದು ಕೆಸರಿನಲ್ಲಿ ಕಾಯುತ್ತ, ಹುಕ್ಕೇರಿಯ ಬಸ್ಸು ಆಚೆ ಹೊರಟು ಹೋಗುವುದನ್ನು ಎಷ್ಟೋ ಬೆಳಗು ನೋಡಿದ್ದೇನೆ. ಅವನು ಬೀಡಿ ಸೇದುತ್ತ ಕೂತಿರುತ್ತಿದ್ದ...

ಬಿ.ಎ. ಕೊನೆಯ ಪರೀಕ್ಷೆಯ ದಿನ ಗಂಡಸರೆಲ್ಲ ಹಿಂದಿನ ಸಂಜೆಯೇ ಒಂದು ಮದುವೆಗೆ ಹೋಗಿದ್ದರು. ಪರೀಕ್ಷೆ ತಪ್ಪಿದರೆ ಓದು ಬಿಡಿಸಿ ಮದುವೆ ಮಾಡುತ್ತೇನೆಂದು ಅಪ್ಪ ಮೊದಲೇ ಹೇಳಿದ್ದ. ಅವ್ವ ದೋಣಿಯವನಿಗೆ ಕೈಮುಗಿದಳು. ಅವನು ಹುಟ್ಟು ಮುಟ್ಟಲಿಲ್ಲ.

"ಪರೀಕ್ಷಾ ಮುಂದಿನ ವರ್ಷಾನೂ ಬರತೈತಿ, ವೈನಿ. ದೋಣಿ ಮುಳುಗಿದ್ರ ಬರೂದಿಲ್ಲ."

ಅವ್ವ ಮನೆಯತ್ತ ನಡೆದಳು. ಅಳಲು ಹೋದಳೆಂದುಕೊಂಡೆ. ತಿರುಗಿ ಬಂದಾಗ ಅವಳ ಕೈಯಲ್ಲಿ ನಮ್ಮ ಹೋತದ ಹಗ್ಗವಿತ್ತು. ನಾರುವ ಆ ಹೋತವನ್ನು ದೋಣಿಗೆ ನೂಕಿ ಹೇಳಿದಳು:

"ಗಂಡಸ ಹತ್ಯಾನ ನೋಡಪಾ. ನಿನಗಿಂತ ದೊಡ್ಡ ಗಡ್ಡ ಬಿಟ್ಟಾನ. ನಡಿ ಇನ್ನ."

ಅವನು ಹೋತವನ್ನು ನೋಡಿದ, ಅವ್ವನನ್ನು ನೋಡಿದ. ಅವ್ವನ ಮುಖಕ್ಕೆ ಹೆದರಿದನೋ ಏನೋ... ಹುಟ್ಟು ಹಾಕಿದ. ದಾಟುವಾಗ ಒಮ್ಮೆಯೂ ನನ್ನತ್ತ ತಿರುಗಲಿಲ್ಲ.

ಪಾಸಾದೆ. ತಾನು ದಾಟಿಸಿದ್ದಕ್ಕೇ ಆ ಹುಡುಗಿ ಪದವಿ ತಗೊಂಡಳು ಎಂದು ಅವನು, ಹೋತದ ಸುದ್ದಿ ಬಿಟ್ಟು, ದೋಣಿ ಹತ್ತಿದವರಿಗೆಲ್ಲ ಹೇಳಿಕೊಂಡ. ಅಪ್ಪನೂ ಹೌದೆಂದು ತಲೆಯಾಡಿಸಿದ. ನನ್ನ ಪದವಿಯಲ್ಲಿ ಅವನಿಗೆ ಪಾಲಿಲ್ಲ, ಅದು ಅವ್ವನದು.

ಸೇತುವೆ ಬಂತು, ದಂಡೆಯ ಮೇಲಿನ ಅವನ ದರ್ಬಾರು ಮುಗಿಯಿತು. ಅವ್ವ ತೀರಿಕೊಂಡಳು. ಹೋದ ವರ್ಷ ಅವನೂ ಸತ್ತ. ಮಣ್ಣಿಗೆ ಹೋಗಿದ್ದೆ. ಎಲ್ಲರೂ ಅವನ ಗುಣ ಹೊಗಳುವಾಗ ನಾನು ಬಾಯಿ ಬಿಡಲಿಲ್ಲ. ಕ್ಷಮಿಸಿಲ್ಲ, ಕ್ಷಮಿಸುವುದೂ ಇಲ್ಲ. ಆದರೆ ಆ ಬೆಳಗು ಅವ್ವ ನನಗಾಗಿ ಏನು ಮಾಡಿದಳೆಂದು ನನ್ನ ಜೊತೆ ಕಣ್ಣಾರೆ ಕಂಡವನು ಅವನೊಬ್ಬನೇ. ಈಗ ಅದನ್ನು ಬಲ್ಲವಳು ನಾನೊಬ್ಬಳೇ...